ಬೆತ್ತವೂ ಬಾಲಶಿಕ್ಷೆಯೂ: ವಿಲಿಯಂ ವೆಬ್ ಅವರ ಕೃತಿಯ ಒಂದು ವಿಮರ್ಶೆ

ಮಕ್ಕಳನ್ನು ಹೊಡೆದು ಬೆಳೆಸುವುದು ಸತ್ಯವೇದದ ಆಜ್ಞೆಯೆಂದು ನಂಬಿರುವವರು ನಮ್ಮ ಸಭೆಗಳಲ್ಲಿ ಕಡಿಮೆಯಿಲ್ಲ. ಜ್ಞಾನೋಕ್ತಿಗಳು 13:24, 22:15, 23:13-14, 29:15 ಅವರಿಗೆ ಕಂಠಪಾಠ. ಇವುಗಳೊಡನೆ ‘ದಂಡಂ ದಶಗುಣಂ’ ಎಂಬ ರೂಢಿಯ ಮಾತೂ ಬೆರೆತು, ಯಾವುದು ಶಾಸ್ತ್ರ, ಯಾವುದು ಊರಿನ ವಾಡಿಕೆ ಎಂಬುದೇ ತಿಳಿಯದಂತಾಗಿದೆ. (ಇಂಗ್ಲಿಷ್ ಬಲ್ಲವರು ಬೆತ್ತದ ವಿಷಯದಲ್ಲಿ ಉದ್ಧರಿಸುವ ಪ್ರಸಿದ್ಧ ನುಡಿಯು ಆ ರೂಪದಲ್ಲಿ ಸತ್ಯವೇದದ್ದೇ ಅಲ್ಲ, ಅದು ಹದಿನೇಳನೆಯ ಶತಮಾನದ ಸ್ಯಾಮ್ಯುಯೆಲ್ ಬಟ್ಲರನ ‘ಹ್ಯೂಡಿಬ್ರಾಸ್’ ಎಂಬ ವಿಡಂಬನ ಕಾವ್ಯದ್ದು. ಪ್ರಸಂಗಪೀಠದಿಂದ ಅದನ್ನು ಸೊಲೊಮೋನನ ಹೆಸರಿನಲ್ಲಿ ಹೇಳುವುದನ್ನು ಇನ್ನಾದರೂ ಬಿಡಬಹುದು.) ಆದಕಾರಣ ವಿಲಿಯಂ ವೆಬ್ ಅವರು 2011ರಲ್ಲಿ ಪ್ರಕಟಿಸಿದ ‘ಕಾರ್ಪೊರಲ್ ಪನಿಷ್‌ಮೆಂಟ್ ಇನ್ ದ ಬೈಬಲ್’ ಎಂಬ ಕೃತಿಯನ್ನು ಸಭಾಪಾಲಕರು ಓದಬೇಕು, ಓದಿ, ಅದು ನಿಲ್ಲುವ ಸ್ಥಳದಿಂದ ಮುಂದಕ್ಕೂ ಹೋಗಬೇಕು.

ಗ್ರಂಥದ ಅತ್ಯುತ್ತಮ ಭಾಗ ಅದರ ಮೊದಲ ವಾದ. ಜೇಮ್ಸ್ ಡಾಬ್ಸನ್ ಮೊದಲಾದ ಅಮೇರಿಕದ ಸುವಾರ್ತಾವಾದಿ ಲೇಖಕರು ತಂದೆತಾಯಿಗಳಿಗೆ ಬೋಧಿಸುವ ಕ್ರಮ ಹೀಗಿದೆ: ಚಿಕ್ಕ ಮಕ್ಕಳಿಗೆ ಮಾತ್ರ, ಒಂದೆರಡು ಏಟು ಮಾತ್ರ, ಕುಂಡಿಯ ಮೇಲೆ ಮಾತ್ರ, ಬಾಸುಂಡೆ ಬರಕೂಡದು, ಕೋಪದಲ್ಲಿ ಹೊಡೆಯಕೂಡದು. ಇದನ್ನೇ ಅವರು ಶಾಸ್ತ್ರಾನುಸಾರವಾದ ಶಿಸ್ತು ಎನ್ನುತ್ತಾರೆ. ವೆಬ್ ಈ ಒಂದೊಂದು ನಿಯಮದ ಪಕ್ಕದಲ್ಲಿಯೂ ಶಾಸ್ತ್ರಪಾಠವನ್ನು ಇಟ್ಟು ತೋರಿಸುತ್ತಾರೆ. ಜ್ಞಾನೋಕ್ತಿಗಳು 10:13, 19:29, 26:3ರಲ್ಲಿ ಬೆತ್ತ ಬೀಳುವುದು ಬೆನ್ನಿನ ಮೇಲೆ. ಧರ್ಮೋಪದೇಶಕಾಂಡ 25:3 ಏಟುಗಳಿಗೆ ಇಡುವ ಮಿತಿ ನಲವತ್ತು. ಜ್ಞಾನೋಕ್ತಿಗಳು 20:30 ಗಾಯವನ್ನು ದೋಷವೆಂದು ಎಣಿಸುವುದಿಲ್ಲ, ಶುದ್ಧಿಯ ಸಾಧನವೆನ್ನುತ್ತದೆ. ವಯಸ್ಸಿನ ಮಿತಿಯೂ ಇಲ್ಲ. ‘ನಅರ್’ ಎಂಬ ಹೀಬ್ರೂ ಪದವು ಬುಟ್ಟಿಯಲ್ಲಿ ಅಳುವ ಮೋಶೆಗೂ (ವಿಮೋಚನಕಾಂಡ 2:6) ಹದಿನೇಳು ವರುಷದ ಯೋಸೇಫನಿಗೂ (ಆದಿಕಾಂಡ 37:2) ಸಲ್ಲುತ್ತದೆ. ಅಂದಮೇಲೆ ಡಾಬ್ಸನ್ನರ ಬೋಧೆ ಶಾಸ್ತ್ರದ ಅಕ್ಷರವನ್ನು ಏಳು ವಿಧಗಳಲ್ಲಿ ಈಗಾಗಲೇ ದಾಟಿಹೋಗಿದೆ ಎಂಬುದು ವೆಬ್ ಅವರ ತೀರ್ಮಾನ. ಹೀಗೆ ದಾಟಿದ್ದನ್ನು ಅವರು ತಪ್ಪೆನ್ನುವುದಿಲ್ಲ. ದಾಟಿಲ್ಲವೆಂದು ಹೇಳಿಕೊಳ್ಳುವುದನ್ನು ತಪ್ಪೆನ್ನುತ್ತಾರೆ. ಈ ವಾದಕ್ಕೆ ಸಮರ್ಪಕವಾದ ಉತ್ತರವನ್ನು ನಾನು ಕಂಡಿಲ್ಲ.

ಬೆತ್ತವನ್ನು ಬೇಡವೆನ್ನುವವರಲ್ಲಿಯೂ ಒಂದು ಸುಲಭೋಪಾಯವಿದೆ. ‘ಶೇವೆಟ್’ ಎಂದರೆ ಕುರುಬನ ಕೋಲು, ಕೀರ್ತನೆ 23ರಲ್ಲಿ ಅದು ಸಂತೈಸುತ್ತದೆ, ಆದುದರಿಂದ ಅದು ದಾರಿ ತೋರಿಸಲಿಕ್ಕೇ ಹೊರತು ಹೊಡೆಯಲಿಕ್ಕಲ್ಲ ಎನ್ನುತ್ತಾರೆ. ಉದ್ದೇಶ ಒಳ್ಳೆಯದಾದರೂ ವ್ಯಾಖ್ಯಾನ ನಿಲ್ಲದು. ಜ್ಞಾನೋಕ್ತಿಗಳು 23:13ರಲ್ಲಿ ಇರುವುದು ‘ಹೊಡೆ’ ಎಂಬ ಕ್ರಿಯಾಪದವೇ. ಒಡೆಯನು ದಾಸನನ್ನು ಕೊಲ್ಲುವಷ್ಟು ಹೊಡೆಯುವುದೂ (ವಿಮೋಚನಕಾಂಡ 21:20) ಇದೇ ‘ಶೇವೆಟ್’ನಿಂದ. ಮೂಲಪಾಠವನ್ನು ಹೀಗೆ ಮೃದುಗೊಳಿಸುವವರಿಗಿಂತ ವೆಬ್ ಪ್ರಾಮಾಣಿಕರು.

ಇನ್ನು ಅವರ ಪರಿಹಾರಕ್ಕೆ ಬರೋಣ. 2001ರ ತಮ್ಮ ಹಿಂದಿನ ಗ್ರಂಥದಲ್ಲಿ ರೂಪಿಸಿದ ‘ವಿಮೋಚನಾತ್ಮಕ ಚಲನೆ’ಯ ವ್ಯಾಖ್ಯಾನಕ್ರಮವನ್ನೇ ಇಲ್ಲಿಯೂ ಬಳಸುತ್ತಾರೆ. ಸುತ್ತಲಿನ ಜನಾಂಗಗಳ ಕಾನೂನಿಗೆ ಹೋಲಿಸಿದಾಗ ಇಸ್ರಾಯೇಲಿನ ಕಾನೂನು ಯಾವ ದಿಕ್ಕಿಗೆ ಚಲಿಸಿತೋ ಆ ದಿಕ್ಕಿನಲ್ಲಿ ನಾವೂ ಮುಂದುವರಿಯಬೇಕು ಎಂಬುದು ಅದರ ಸಾರ. ಮಧ್ಯ ಅಸ್ಸೀರಿಯದ ಕಾನೂನುಗಳಲ್ಲಿ ಐವತ್ತು, ನೂರು ಏಟುಗಳೂ ಅಂಗಚ್ಛೇದನವೂ ಇದ್ದವು. ಧರ್ಮೋಪದೇಶಕಾಂಡವು ನಲವತ್ತಕ್ಕೆ ನಿಲ್ಲಿಸಿ, ಏಟು ತಿನ್ನುವವನು ನಿನ್ನ ಸಹೋದರನೇ ಎಂದು ನೆನಪಿಸುತ್ತದೆ. ನ್ಯಾಯಪ್ರಮಾಣದ ಮಟ್ಟಿಗೆ ಈ ಹೋಲಿಕೆ ಸರಿ. ಆದರೆ ಮಕ್ಕಳ ಪ್ರಶ್ನೆ ಇರುವುದು ಜ್ಞಾನಸಾಹಿತ್ಯದಲ್ಲಿ, ಮತ್ತು ಅಲ್ಲಿ ಚಲನೆಯೇ ಕಾಣುವುದಿಲ್ಲ. ಐಗುಪ್ತದ ಎಲಿಫೆಂಟೈನ್ ದ್ವೀಪದಲ್ಲಿ ದೊರೆತ, ಕ್ರಿಸ್ತಪೂರ್ವ ಐದನೆಯ ಶತಮಾನದ ಅರಾಮಿಕ್ ಹಸ್ತಪ್ರತಿಯಲ್ಲಿ ಅಹೀಕಾರನ ಜ್ಞಾನವಾಕ್ಯಗಳಿವೆ. ಮಗನಿಗೆ ಬೆತ್ತ ತಪ್ಪಿಸಬೇಡ, ಹೊಡೆದರೆ ಅವನು ಸಾಯುವುದಿಲ್ಲ ಎಂಬ ಭಾವವೇ ಅಲ್ಲಿಯೂ ಇದೆ. ಜ್ಞಾನೋಕ್ತಿಗಳು 23:13-14ರ ನೆರೆಮನೆಯ ಮಾತಿನಂತೆಯೇ ಅದು ಕೇಳುತ್ತದೆ. ಈ ಒಂದು ವಿಷಯದಲ್ಲಿ ಇಸ್ರಾಯೇಲು ನೆರೆಯವರಿಂದ ಒಂದು ಹೆಜ್ಜೆಯೂ ಸರಿದಿಲ್ಲ. ಹಾಗಾದರೆ ದಿಕ್ಕನ್ನು ಯಾವುದರಿಂದ ಗುರುತಿಸೋಣ? ನೆರೆಹೊರೆಯ ಹೋಲಿಕೆಯಿಂದಲ್ಲ, ಕ್ರಿಸ್ತನಿಂದ ಎನ್ನಬೇಕು. ಹಾಗೆಂದ ಕೂಡಲೇ ಎದುರಾಗುವುದು ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ.

ನಮ್ಮ ಜನರ ಮನಸ್ಸಿನಲ್ಲಿ ಬೆತ್ತಕ್ಕೆ ನಿಜವಾದ ಆಧಾರ ಜ್ಞಾನೋಕ್ತಿಗಳಲ್ಲ, ಈ ಅಧ್ಯಾಯವೇ ಎಂದು ನನ್ನ ಅಭಿಪ್ರಾಯ. ದೇವರೇ ತನ್ನ ಮಕ್ಕಳನ್ನು ಹೊಡೆಯುವುದಾದರೆ ತಂದೆಯು ಹೊಡೆಯುವುದರಲ್ಲಿ ತಪ್ಪೇನು? ಪತ್ರಿಕೆಯು ಇಲ್ಲಿ ಉದ್ಧರಿಸುವುದು ಜ್ಞಾನೋಕ್ತಿಗಳು 3:11-12ನ್ನು, ಅದೂ ಸೆಪ್ಟುಅಜಿಂಟ್ ಎಂಬ ಗ್ರೀಕ್ ಅನುವಾದದಿಂದ. ಹೀಬ್ರೂ ಮೂಲದ 12ನೆಯ ವಚನದಲ್ಲಿ ಏಟಿನ ಮಾತಿಲ್ಲ. ತಂದೆಯು ಮೆಚ್ಚಿನ ಮಗನನ್ನು ಗದರಿಸುವ ಹಾಗೆ ಎಂಬ ಹೋಲಿಕೆ ಮಾತ್ರವಿದೆ. ‘ತಂದೆಯಂತೆ’ ಎಂದು ಓದಬೇಕಾದ ವ್ಯಂಜನಗಳನ್ನು ಗ್ರೀಕ್ ಅನುವಾದಕನು ‘ನೋಯಿಸುತ್ತಾನೆ’ ಎಂಬರ್ಥದಲ್ಲಿ ಓದಿ, ಕೊರಡೆಯಿಂದ ಹೊಡೆಯುವುದನ್ನು ಸೂಚಿಸುವ ‘ಮಸ್ತಿಗೊಓ’ ಕ್ರಿಯಾಪದವನ್ನು ಬಳಸಿದಂತೆ ತೋರುತ್ತದೆ. ಸ್ವರಚಿಹ್ನೆಯ ವ್ಯತ್ಯಾಸದಿಂದ ಇಷ್ಟೊಂದು ಬೆನ್ನುಗಳು ನೊಂದವೆಂದು ಹೇಳಿ ಮುಗಿಸಿಬಿಡಬಹುದು. ಆದರೆ ಪತ್ರಿಕೆಯ ಕರ್ತೃವಿನ ಪಾಠವೇ ನಮ್ಮ ಪವಿತ್ರಶಾಸ್ತ್ರದ ಪಾಠವಾದ್ದರಿಂದ ಹಾಗೆ ತಪ್ಪಿಸಿಕೊಳ್ಳಲಾಗದು. ಆ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬೇರೆಲ್ಲಿ ಬರುತ್ತದೆಂದು ನೋಡಬೇಕು. ಯೋಹಾನ 19:1ರಲ್ಲಿ ಪಿಲಾತನು ಯೇಸುವಿಗೆ ಮಾಡಿಸಿದ್ದು ಅದೇ. ಮಾರ್ಕ 10:34ರ ಮುಂತಿಳಿಸುವಿಕೆಯಲ್ಲಿರುವುದೂ ಅದೇ. ಇದೇ ಪತ್ರಿಕೆಯ 11:36ರಲ್ಲಿ ನಂಬಿಗಸ್ತರು ತಿಂದ ಕೊರಡೆಯ ಏಟುಗಳಿಗೂ ಅದೇ ಧಾತುವಿನ ನಾಮಪದವಿದೆ. 12:3 ಸ್ಪಷ್ಟವಾಗಿ ಹೇಳುವಂತೆ, ಯೇಸುವನ್ನು ಎದುರಿಸಿದವರು ಪಾಪಿಗಳು. ಅಂದರೆ ಪತ್ರಿಕೆಯ ಓದುಗರು ಶತ್ರುಗಳ ಕೈಯಲ್ಲಿ ಹಿಂಸೆಗೊಳಗಾದ ವಯಸ್ಕರು. ಆ ಹಿಂಸೆಯೊಳಗೂ ತಂದೆಯು ನಿಮ್ಮನ್ನು ಕೈಬಿಟ್ಟಿಲ್ಲ, ನೀವು ಮಕ್ಕಳೇ ಎಂಬ ಸಾಂತ್ವನ ಅವರಿಗೆ ದೊರೆಯುತ್ತದೆ. ಕೊರಡೆಯನ್ನು ಹಿಡಿದವನಿಗೆ ಇಲ್ಲಿ ಒಂದು ಮಾತಿನ ಸಮರ್ಥನೆಯೂ ಇಲ್ಲ. ಈ ವಾಕ್ಯಗಳನ್ನು ಉದ್ಧರಿಸಿ ಮಗುವಿನ ಮೇಲೆ ಕೈಯೆತ್ತುವ ತಂದೆಯು ದೇವರ ಸ್ಥಾನದಲ್ಲಿ ನಿಂತಿದ್ದೇನೆಂದು ಭಾವಿಸುತ್ತಾನೆ; ಪದಪ್ರಯೋಗದ ಪ್ರಕಾರ ಅವನು ನಿಂತಿರುವುದು ಪಿಲಾತನ ಸ್ಥಾನದಲ್ಲಿ. ಲೌಕಿಕ ತಂದೆಗಳು ತಮಗೆ ತೋಚಿದಂತೆ ಶಿಕ್ಷಿಸಿದರೆಂದು 12:10 ಹೇಳುವುದಾದರೂ ಮೆಚ್ಚುಗೆಯ ಮಾತಲ್ಲ, ವ್ಯತ್ಯಾಸವನ್ನು ತೋರಿಸುವ ಮಾತು.

ಪ್ರಾಯಶ್ಚಿತ್ತ ಸಿದ್ಧಾಂತದ ತರಗತಿಯಲ್ಲಿ ದಂಡಿಸುವ ದೇವರ ಕಲ್ಪನೆಗೆ ಅನ್ಸೆಲ್ಮನನ್ನು ಹೊಣೆಮಾಡುವ ವಾಡಿಕೆಯಿದೆ. ಆತನ ಶಿಷ್ಯ ಎಡ್ಮರನು ಬರೆದ ಜೀವನಚರಿತ್ರೆಯನ್ನು ಅಂಥವರು ಓದಿಲ್ಲವೆಂದು ತೋರುತ್ತದೆ. ಮಠದಲ್ಲಿ ಬೆಳೆಯುವ ಹುಡುಗರನ್ನು ಹಗಲಿರುಳು ಹೊಡೆದರೂ ಅವರು ಕೆಡುತ್ತಲೇ ಇದ್ದಾರೆಂದು ಒಬ್ಬ ಮಠಾಧಿಪತಿಯು ದೂರಿದಾಗ ಅನ್ಸೆಲ್ಮನು, ತೋಟದಲ್ಲಿ ಸಸಿಯನ್ನು ನೆಟ್ಟು ಕೊಂಬೆ ಚಾಚದಂತೆ ಸುತ್ತಲೂ ಬಿಗಿದರೆ ಎಂಥ ಮರವಾದೀತೆಂದು ಕೇಳಿದನು. ಸೊಟ್ಟಗಾದ, ಪ್ರಯೋಜನವಿಲ್ಲದ ಮರವೆಂದು ಮಠಾಧಿಪತಿಯೇ ಒಪ್ಪಿಕೊಂಡನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ನಮ್ಮವರು ಈ ಇನ್ನೊಂದು ಗಿಡವನ್ನೂ ನೋಡಬೇಕು. ಅನ್ಸೆಲ್ಮನ ಸಿದ್ಧಾಂತದಲ್ಲಿಯೂ ಪರಿಹಾರ ಮತ್ತು ದಂಡನೆ ಒಂದೇ ಅಲ್ಲ, ಒಂದಿದ್ದರೆ ಇನ್ನೊಂದಿಲ್ಲ.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಈ ಪತ್ರಿಕೆಯನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಸಭೆಯ ವಿದ್ಯಾರ್ಥಿನಿಲಯಗಳಲ್ಲಿ ವಾರ್ಡನ್‌ಗಳಾಗುವರು. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ನಿಷೇಧಿಸಿದೆ. ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ 2015ರ ಬಾಲನ್ಯಾಯ ಕಾಯಿದೆಯ 82ನೆಯ ಪ್ರಕರಣ ಅದನ್ನು ಅಪರಾಧವೆನ್ನುತ್ತದೆ. ಮನೆಯೊಳಗೆ ಈ ಎರಡು ಪ್ರಕರಣಗಳೂ ಬರುವುದಿಲ್ಲ. ಅಲ್ಲಿಗೆ ಹೋಗುವುದು ಪ್ರಸಂಗ, ಮತ್ತು ಪ್ರಸಂಗದಲ್ಲಿನ ಪದ.

ಆ ಪದವೇ ನಮ್ಮಲ್ಲಿ ತೊಡಕಾಗಿದೆ. ಎಫೆಸದವರಿಗೆ 6:4ರ ‘ಪೈದೇಯ’ ಎಂಬ ಗ್ರೀಕ್ ಪದಕ್ಕೆ ನಮ್ಮ ಸತ್ಯವೇದದಲ್ಲಿ ‘ಬಾಲಶಿಕ್ಷೆ’ ಎಂದಿದೆ. ಅಕ್ಷರಾಭ್ಯಾಸದ ಪುಸ್ತಕಕ್ಕೆ ‘ಬಾಲಶಿಕ್ಷೆ’ ಎಂದು ಹೆಸರಿದ್ದ ಕಾಲದ ಕಿವಿಗೆ ಅದು ಕಲಿಸುವಿಕೆಯಾಗಿಯೇ ಕೇಳಿರಬೇಕು. ವೇದಾಂಗದ ‘ಶಿಕ್ಷಾ’ ಕೂಡ ಉಚ್ಚಾರಣೆಯ ಪಾಠವೇ. ಇಂದಿನ ಕನ್ನಡದಲ್ಲಿ ಶಿಕ್ಷಣ ಬೇರೆ, ಶಿಕ್ಷೆ ಬೇರೆ. ಶಿಕ್ಷೆಯೆಂದರೆ ನ್ಯಾಯಾಲಯ, ಸೆರೆಮನೆ, ಬೆತ್ತ. ಹೀಗಾಗಿ ಮಕ್ಕಳಿಗೆ ಕೋಪವನ್ನೆಬ್ಬಿಸಬೇಡಿರೆಂದು ತಂದೆಗಳನ್ನು ತಡೆಯುವ ವಚನವೇ ಹೊಡೆಯಲು ಅಪ್ಪಣೆಯಂತೆ ಕೇಳಿಸುತ್ತದೆ. ‘ತಿದ್ದು’ ಎಂಬ ಕ್ರಿಯಾಪದವನ್ನು ನಾನು ಸೂಚಿಸುತ್ತೇನೆ: ತಪ್ಪನ್ನು ಸರಿಪಡಿಸುವುದಕ್ಕೂ, ಮಗುವಿನ ಕೈಹಿಡಿದು ಅಕ್ಷರದ ಮೇಲೆ ಅಕ್ಷರ ಬರೆಸುವುದಕ್ಕೂ ನಮ್ಮಲ್ಲಿರುವುದು ಇದೊಂದೇ ಪದ. ಎಫೆಸದವರಿಗೆ 6:4ರಲ್ಲಿ ಇದು ಸಲೀಸಾಗಿ ನಿಲ್ಲುತ್ತದೆ. ಇಬ್ರಿಯರಿಗೆ 12:11ರಲ್ಲಿ ಹೇಳಿರುವ ದುಃಖವನ್ನು ಇಷ್ಟು ಹಗುರವಾದ ಪದ ಹೊರಬಲ್ಲುದೇ ಎಂಬ ಸಂದೇಹ ನನಗಿನ್ನೂ ಉಳಿದಿದೆ. ಗ್ರೀಕ್ ಬೋಧಿಸುವವರು ಇದನ್ನು ಮುಂದಕ್ಕೆ ಪರಿಶೀಲಿಸಬೇಕು.