ಬೀಗದ ಕೈ ಯಾರ ಸೊಂಟದಲ್ಲಿದೆ?

ಅರಸೀಕೆರೆ ಸೀಮೆಯ ನಮ್ಮ ದೊಡ್ಡಮ್ಮನ ಸೊಂಟದಲ್ಲಿ ಸದಾ ಒಂದು ಬೀಗದ ಕೈ ಗೊಂಚಲು ಇರುತ್ತಿತ್ತು. ನಡುಮನೆಯ ಬೀರು, ರಾಗಿ ತುಂಬಿಟ್ಟ ಕೋಣೆ, ಕೊಬ್ಬರಿ ಅಟ್ಟ, ಎಲ್ಲದರ ಬೀಗಕ್ಕೂ ಅದೇ ಗೊಂಚಲು. ದೊಡ್ಡಪ್ಪ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ಕೂತು ಮಾತಾಡಿ ಒಂದು ಏರ್ಪಾಡು ಮಾಡಿದರು: ಹಾಸನದಲ್ಲಿ ನಾಲ್ಕು ತಿಂಗಳು, ಮೈಸೂರಿನಲ್ಲಿ ನಾಲ್ಕು, ಬೆಂಗಳೂರಿನಲ್ಲಿ ನಾಲ್ಕು. ಯಾರೂ ಹೊಣೆಯಿಂದ ನುಣುಚಿಕೊಳ್ಳಲಿಲ್ಲ. ಮೂರೂ ಮನೆಗಳಲ್ಲಿ ಊಟ, ಔಷಧಿ, ಗೌರವಕ್ಕೆ ಕೊರತೆ ಇರಲಿಲ್ಲ. ಆದರೂ ಮೈಸೂರಿನ ಮನೆಯಲ್ಲಿ ಅವರನ್ನು ನೋಡಲು ಹೋದಾಗ ಕಂಡದ್ದು ಇನ್ನೂ ಮನಸ್ಸಿನಲ್ಲಿ ಕೂತಿದೆ. ಬಂದು ಎರಡು ತಿಂಗಳಾಗಿದ್ದರೂ ಸೀರೆಗಳು ಮಂಚದ ಕೆಳಗಿನ ಚೀಲದಲ್ಲೇ ಇದ್ದವು. ಸಾರಿಗೆ ಉಪ್ಪು ಸಾಲದಿದ್ದರೂ ಕೇಳದೆ ಉಂಡರು. ಯಾಕೆಂದು ವಿಚಾರಿಸಿದರೆ, "ಅವರ ಅಡುಗೆಮನೆ ಅಲ್ವೇನೋ" ಅಂದರು. ಸೊಂಟ ಬರಿದಾಗಿತ್ತು.

ಮುಪ್ಪಿನ ಆರೈಕೆಯ ಮಾತು ಬಂದಾಗ ನಾವು ಕೇಳುವ ಪ್ರಶ್ನೆ ಬಹುತೇಕ ಒಂದೇ: ಮಕ್ಕಳು ನೋಡಿಕೊಂಡರೋ, ಕೈಬಿಟ್ಟರೋ? ಆ ಪ್ರಶ್ನೆ ಮಕ್ಕಳ ಮೇಲೆ ತೀರ್ಪು ಕೊಟ್ಟು ಮುಗಿಯುತ್ತದೆ; ಹಿರಿಯರ ದಿನ ಹೇಗೆ ಕಳೆಯಿತು ಎಂಬುದನ್ನು ಮುಟ್ಟುವುದೇ ಇಲ್ಲ. ನನ್ನ ಅಳತೆಗೋಲು ಬೇರೆ. ಎಷ್ಟು ಹೊತ್ತಿಗೆ ಏಳಬೇಕು, ಏನು ಉಣ್ಣಬೇಕು, ಯಾರನ್ನು ಒಳಗೆ ಕರೆಯಬೇಕು, ಬಾಗಿಲು ಯಾವಾಗ ಹಾಕಬೇಕು ಎಂಬಂಥ ತೀರ್ಮಾನಗಳಲ್ಲಿ ಎಷ್ಟು ಅವರ ಕೈಯಲ್ಲೇ ಉಳಿದಿವೆ? 2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು ಇದ್ದರು. ಮನೆಗೆ ಒಬ್ಬಿಬ್ಬರೇ ಮಕ್ಕಳು, ಅವರಿಗೆ ದೂರದ ಊರಿನಲ್ಲಿ ಕೆಲಸ, ಸೊಸೆಗೂ ಕೆಲಸ. ಹೀಗಿರುವಾಗ ನಮ್ಮ ಮುಂದಿರುವ ಏರ್ಪಾಡುಗಳನ್ನೆಲ್ಲ ಈ ಕೋಲಿನಿಂದ ಅಳೆದು ನೋಡಲೇಬೇಕು.

ಮೊದಲು ಪಾಳಿ. ಇದರ ಹಿಂದಿರುವುದು ಆಸ್ತಿ ಪಾಲಿನ ನ್ಯಾಯ. ಜಮೀನು, ಮನೆ, ಪಾತ್ರೆಪಡಗ ಹಂಚಿದ ಪಂಚಾಯ್ತಿಯೇ ತಂದೆತಾಯಿಯ ತಿಂಗಳುಗಳನ್ನೂ ಹಂಚುತ್ತದೆ. ಅಣ್ಣತಮ್ಮಂದಿರ ಜಗಳ ತಪ್ಪುತ್ತದೆ, ಒಬ್ಬಳೇ ಸೊಸೆಯ ತಲೆಗೆ ಎಲ್ಲ ಭಾರ ಕಟ್ಟಿದಂತಾಗುವುದಿಲ್ಲ. ಇದು ಸಣ್ಣ ಗುಣವಲ್ಲ. ಆದರೆ ಹಂಚಿಕೆ ಸಮವಾದಷ್ಟೂ ಹಂಚಿಹೋದವರಿಗೆ ನೆಲೆ ತಪ್ಪುತ್ತದೆ. ಸಕ್ಕರೆ ಕಾಯಿಲೆಯ ಡಾಕ್ಟರು ವರ್ಷಕ್ಕೆ ಮೂರು ಸಲ ಬದಲಾಗುತ್ತಾರೆ. ಸಂಜೆ ಜತೆಗೆ ಕೂರುವ ಗೆಳತಿಯೊಬ್ಬಳು ಸಿಗುವಷ್ಟರಲ್ಲಿ ಬಸ್ಸು ಹತ್ತುವ ದಿನ ಬರುತ್ತದೆ. ಅಪ್ಪ ಒಬ್ಬ ಮಗನಿಗೆ, ಅಮ್ಮ ಇನ್ನೊಬ್ಬನಿಗೆ ಎಂದು ಹಂಚಿಕೊಂಡ ಮನೆಗಳನ್ನೂ ಕಂಡಿದ್ದೇನೆ. ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದವರನ್ನು ಮುಪ್ಪಿನಲ್ಲಿ ಅಗಲಿಸುವುದು, ಎಷ್ಟೇ ಅನುಕೂಲದ ಕಾರಣವಿದ್ದರೂ, ಕ್ರೌರ್ಯವೇ. ಇನ್ನೊಂದು ಮಾತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಬಂತು. ಪಾಳಿಯ ಲೆಕ್ಕದಲ್ಲಿ ಮಾತ್ರ ಅವಳು ಇನ್ನೂ ಹೊರಗಿನವಳು. ಮಗಳ ಮನೆಯಲ್ಲಿ ಹೆಚ್ಚು ದಿನ ಉಳಿಯಬಾರದೆಂಬ ಸಂಕೋಚ ಹಿರಿಯರಲ್ಲೇ ಬೇರೂರಿದೆ. ಅವರಿಗೆ ಎಲ್ಲಕ್ಕಿಂತ ಹಗುರಾಗಿ ಇರಬಹುದಾದ ಮನೆಯನ್ನೇ ಆ ಸಂಕೋಚ ಮುಚ್ಚಿಬಿಡುತ್ತದೆ.

ಎರಡನೆಯದು ಇದ್ದ ಮನೆಯಲ್ಲೇ ಇರುವುದು. ಶಿರಸಿ, ಸಿದ್ದಾಪುರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಲ್ಲಿ ಗಂಡಹೆಂಡತಿ ಇಬ್ಬರೇ ಉಳಿದಿರುವುದು ಈಗ ಸಾಮಾನ್ಯ. ನನ್ನ ಅಳತೆಯಲ್ಲಿ ಈ ಏರ್ಪಾಡಿಗೇ ಹೆಚ್ಚು ಅಂಕ. ಬಾಗಿಲು ಅವರದು, ಒಲೆ ಅವರದು, ಅಂಗಳಕ್ಕೆ ಬಂದವರಿಗೆ ಕವಳ ಕೊಟ್ಟು ಕೂರಿಸುವ ಹಕ್ಕು ಅವರದು. ಆದರೆ ಈ ಸ್ವಾತಂತ್ರ್ಯಕ್ಕೆ ಆಸರೆ ತೀರಾ ತೆಳು. ತೀರ್ಥಹಳ್ಳಿ ಹತ್ತಿರದ ನೆಂಟರ ಮನೆಯಲ್ಲಿ ದೂರದೇಶದ ಮಗ ಜಗಲಿಗೆ ಕ್ಯಾಮೆರಾ ಹಾಕಿಸಿದ್ದ. ದಿನಾ ಅಲ್ಲಿಂದಲೇ ಅಪ್ಪ ಅಮ್ಮನನ್ನು ನೋಡುತ್ತಿದ್ದ, ಮಾತಾಡಿಸುತ್ತಿದ್ದ. ಕ್ಯಾಮೆರಾ ಜಗಲಿಯನ್ನು ಕಾಯುತ್ತಿತ್ತು; ಅಮ್ಮ ಜಾರಿಬಿದ್ದದ್ದು ಹಿಂದಿನ ಬಚ್ಚಲಿನ ಮೆಟ್ಟಿಲ ಮೇಲೆ. ಮೊಣಕಾಲೆತ್ತರದ ಮೆಟ್ಟಿಲು, ಪಾಚಿ ಹಿಡಿದ ಕಲ್ಲು, ಹಿಡಿದುಕೊಳ್ಳಲು ಗೋಡೆಯಲ್ಲಿ ಏನೂ ಇಲ್ಲ. ಸೊಂಟದ ಮೂಳೆ ಮುರಿದ ಮೇಲೆ ಅಲ್ಲಿ ಮೆಟ್ಟಿಲನ್ನು ಎರಡಾಗಿ ಒಡೆದು, ಗೋಡೆಗೆ ಸ್ಟೀಲಿನ ಹಿಡಿ ಕೂರಿಸಿದರು. ಒಂದೇ ದಿನದ ಗಾರೆ ಕೆಲಸ.

ಆಮೇಲೆ ಹೋಮ್ ನರ್ಸ್ ಬಂದರು. ಹೆಸರಿಗೆ ನರ್ಸ್, ತರಬೇತಿ ಎಂದರೆ ಹಿಂದಿನ ಎರಡು ಮನೆಗಳಲ್ಲಿ ಮಾಡಿದ ಕೆಲಸ ಅಷ್ಟೇ. ಹಗಲು ರಾತ್ರಿ ಎನ್ನದೆ ಒಬ್ಬರೇ ದುಡಿಯಬೇಕು, ವಾರದ ರಜೆ ಇಲ್ಲ, ಮಲಗಲು ರೋಗಿಯ ಮಂಚದ ಪಕ್ಕದ ಚಾಪೆ. ತನ್ನ ಮಕ್ಕಳನ್ನು ತಾಯಿಯ ಬಳಿ ಬಿಟ್ಟು ಬಂದಿದ್ದ ಆ ಹೆಂಗಸು ಬೇರೊಬ್ಬರ ತಾಯಿಯ ಮೈ ತೊಳೆಯುತ್ತಿದ್ದರು. ದಣಿದ ಕೈಯಿಂದ ಎಷ್ಟು ದಿನ ಒಳ್ಳೆಯ ಆರೈಕೆ ಸಿಕ್ಕೀತು? ಅವರ ಕೂಲಿ, ರಜೆ, ತರಬೇತಿಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಹಿರಿಯರ ಆರೈಕೆಯ ಬಗ್ಗೆ ಮಾತಾಡುವುದು ಅರ್ಧ ಮಾತು. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಾಗಿದೆ. ಸ್ವಾಗತಾರ್ಹವೇ. ಆದರೆ ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಮುರಿದ ಮೂಳೆಗೆ ಹಣ ಸಿಗುತ್ತದೆ. ಮನೆಗೆ ಬಂದ ಮೇಲೆ ದಿನಾ ಎಬ್ಬಿಸಿ, ಕೂರಿಸಿ, ಸ್ನಾನ ಮಾಡಿಸುವ ಕೈಗೆ ಸಿಗುವುದಿಲ್ಲ.

ಮೂರನೆಯದು ಹಿರಿಯರಿಗೆಂದೇ ಕಟ್ಟಿದ ವಸತಿ. ಉಳ್ಳವರಿಗೆ ಬೆಂಗಳೂರು, ಮೈಸೂರಿನ ಸುತ್ತ ನಿವೃತ್ತರ ಬಡಾವಣೆಗಳು. ಇಲ್ಲದವರಿಗೆ ಅನುದಾನ, ದೇಣಿಗೆಯಿಂದ ನಡೆಯುವ ವೃದ್ಧಾಶ್ರಮಗಳು. ವೃದ್ಧಾಶ್ರಮ ಎಂಬ ಪದಕ್ಕೆ ನಾವು ಅಂಟಿಸಿರುವ ಅವಮಾನವನ್ನು ನಾನು ಒಪ್ಪುವುದಿಲ್ಲ. ಓರಗೆಯವರ ಜತೆ ಹರಟುತ್ತ, ಹೊತ್ತಿಗೆ ಸರಿಯಾಗಿ ಉಂಡು, ಯಾರಿಗೂ ಭಾರವಾಗಿಲ್ಲ ಎಂಬ ನೆಮ್ಮದಿಯಲ್ಲಿ ಇರುವವರನ್ನು ಅಲ್ಲಿ ಕಂಡಿದ್ದೇನೆ. ನನ್ನ ತಕರಾರು ಕಟ್ಟುವ ರೀತಿಯ ಬಗ್ಗೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮಿನಂತೆ ರಾಜ್ಯ ಸರ್ಕಾರಗಳು ಜಿಲ್ಲೆಗೆ ಕನಿಷ್ಠ ಒಂದು, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರು ಇರಬಹುದಾದಂಥ ವೃದ್ಧಾಶ್ರಮ ತೆರೆಯಬಹುದು. ತೆರೆಯಲೇಬೇಕು ಎಂಬ ಕಟ್ಟು ಅಲ್ಲಿಲ್ಲ. ತೆರೆದರೂ 150 ಮಂದಿಯ ಮನೆ ಎಂದರೆ ಗಂಟೆ ಬಾರಿಸಿ ಊಟ, ಗಂಟೆ ಬಾರಿಸಿ ನಿದ್ದೆ. ಹಳ್ಳಿಯವರಿಗೆ ಜಿಲ್ಲಾ ಕೇಂದ್ರ ಪರಊರೇ. ಮಾತಾಡಿಸಲು ಬರುವ ನೆರೆಯವರು ಅಲ್ಲಿ ಯಾರು?

ಉಳ್ಳವರ ಬಡಾವಣೆಗಳಲ್ಲಿ ಜಾರದ ಟೈಲ್ಸ್, ಗಾಲಿಕುರ್ಚಿ ಹಿಡಿಸುವ ಬಾಗಿಲು, ಕರೆಗಂಟೆ ಎಲ್ಲ ಇರುತ್ತವೆ. ಕೇಂದ್ರ ಸರ್ಕಾರ 2019ರಲ್ಲಿ ಇಂಥ ಬಡಾವಣೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಅದು ಮಾದರಿ ಅಷ್ಟೇ, ಜಾರಿಗೆ ತರಬೇಕಾದದ್ದು ರಾಜ್ಯಗಳು. ಕೊಳ್ಳುವವರು ಕರಾರುಪತ್ರದಲ್ಲಿ ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕು: ನಾಳೆ ಹಾಸಿಗೆ ಹಿಡಿದರೆ, ಮರೆವಿನ ಕಾಯಿಲೆ ಬಂದರೆ, ಇಲ್ಲೇ ಇಟ್ಟುಕೊಳ್ಳುತ್ತೀರಾ? ಗಟ್ಟಿಮುಟ್ಟಾಗಿರುವ ತನಕ ಮಾತ್ರ ಇರಬಹುದಾದ ಮನೆ ಮುಪ್ಪಿನ ಮನೆ ಆಗಲಾರದು.

2007ರ ಆ ಕಾಯ್ದೆಯ ಗುಣವನ್ನೂ ಹೇಳಬೇಕು. ತಂದೆತಾಯಿ ವಕೀಲರ ಹಂಗಿಲ್ಲದೆ ನೇರವಾಗಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, 23ನೇ ಕಲಮಿನಡಿ ಆ ಪತ್ರವೇ ರದ್ದಾಗಬಹುದು. ಅಗತ್ಯಬಿದ್ದರೆ ಮನೆಯ ಸ್ವಾಧೀನವನ್ನೂ ನ್ಯಾಯಮಂಡಳಿ ಮರಳಿ ಕೊಡಿಸಬಹುದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೀಗದ ಕೈಯನ್ನು ಹಿರಿಯರಿಗೆ ವಾಪಸು ಕೊಡಿಸುವ ಬಲ ಈ ಕಲಮಿಗಿದೆ. ಆದರೆ ಮೂಲ ಕಾಯ್ದೆ ಜೀವನಾಂಶವನ್ನು ತಿಂಗಳಿಗೆ 10,000 ರೂಪಾಯಿಗೆ ಸೀಮಿತಗೊಳಿಸಿತು. ಮಿತಿ ತೆಗೆಯಲು 2019ರಲ್ಲಿ ತಂದ ಮಸೂದೆ ಅಂಗೀಕಾರವಾಗಲೇ ಇಲ್ಲ. ಅದಕ್ಕಿಂತ ದೊಡ್ಡ ಕೊರತೆ ಎಂದರೆ, ಆರೈಕೆಯನ್ನು ಕಾಯ್ದೆ ರಕ್ತ ಮತ್ತು ಆಸ್ತಿಯ ಮೂಲಕವೇ ಕಾಣುತ್ತದೆ. ಶಿವರಾಮ ಕಾರಂತರ 1943ರ 'ಬೆಟ್ಟದ ಜೀವ'ದಲ್ಲಿ ಮಗ ದೂರವಾದ ಗೋಪಾಲಯ್ಯ ದಂಪತಿಗೆ ಆಸರೆಯಾಗುವುದು ಹೊಟ್ಟೆಯಲ್ಲಿ ಹುಟ್ಟದ ನಾರಾಯಣನ ಸಂಸಾರ. ಅಂಥ ನಾರಾಯಣರು ಇಂದಿಗೂ ಊರೂರಲ್ಲಿದ್ದಾರೆ. ಕಾಯ್ದೆಯಲ್ಲಿ ಅವರಿಗೊಂದು ಹೆಸರಿಲ್ಲ, ಸರ್ಕಾರದಿಂದ ನೆರವಿಲ್ಲ.

ಹಾಗಾದರೆ ದಾರಿ? ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಶುರುವಾದ ಉಪಶಮನ ಆರೈಕೆ ಊರಿನ ಸ್ವಯಂಸೇವಕರ ಮೂಲಕ ಮನೆಮನೆಗೆ ಹಬ್ಬಿತು. 2008ರಲ್ಲಿ ಅದು ಸರ್ಕಾರದ ನೀತಿಯೇ ಆಯಿತು. ಅಲ್ಲಿನ ಪಂಚಾಯ್ತಿಗಳು 'ಪಕಲ್ ವೀಡು' ಎಂಬ ಹಗಲುಮನೆಗಳನ್ನೂ ನಡೆಸುತ್ತವೆ: ಬೆಳಿಗ್ಗೆ ಬಂದು, ಜತೆಯಾಗಿ ಉಂಡು, ಸಂಜೆ ತಮ್ಮ ಮನೆಗೆ ಮರಳುವುದು. ಹಿರಿಯರನ್ನು ಮನೆಯಿಂದ ಕೀಳದೆ ಆರೈಕೆಯನ್ನೇ ಮನೆಯ ಹತ್ತಿರಕ್ಕೆ ತಂದದ್ದು ಇದರ ಹಿರಿಮೆ. ಗ್ರಾಮ ಪಂಚಾಯ್ತಿಗಳಲ್ಲಿ ಮಕ್ಕಳಿಗೆ 'ಕೂಸಿನ ಮನೆ' ತೆರೆದ ಕರ್ನಾಟಕಕ್ಕೆ ಅದರ ಪಕ್ಕದಲ್ಲೇ ಒಂದು ಹಗಲುಮನೆ ತೆರೆಯುವುದು ಆಗದ ಮಾತಲ್ಲ. ಜತೆಗೆ ತರಬೇತಿ ಪಡೆದ, ರಜೆ ಮತ್ತು ಸಂಬಳ ಖಾತ್ರಿಯಿರುವ ಆರೈಕೆದಾರರು ಬೇಕು. ಬಚ್ಚಲಿಗೊಂದು ಹಿಡಿ ಹಾಕಿಸಲು ಬಡವರಿಗೆ ಸಹಾಯಧನ ಬೇಕು.

ದೊಡ್ಡಮ್ಮನ ವಿಷಯ ಹೇಳಿ ಮುಗಿಸುತ್ತೇನೆ. ಒಂದು ಸಂಜೆ ದೇವಸ್ಥಾನದಿಂದ ಬಂದವರು, ಮನೆಯಲ್ಲಿ ಯಾರೂ ಇಲ್ಲದೆ, ಗೇಟಿನ ಹೊರಗೆ ಒಂದು ಗಂಟೆ ನಿಂತಿದ್ದರಂತೆ. ಮಾರನೆಯ ದಿನ ಮೈಸೂರಿನ ಸೊಸೆ ಇನ್ನೊಂದು ಬೀಗದ ಕೈ ಮಾಡಿಸಿ ತಂದು, "ಅತ್ತೆ, ಇದು ನಿಮ್ಮದು, ನೀವೇ ಇಟ್ಕೊಳ್ಳಿ" ಎಂದು ಕೈಯಲ್ಲಿಟ್ಟರು. ಮುಂದಿನ ಸಲ ನಾನು ಹೋದಾಗ ಬಾಗಿಲು ತೆರೆದವರು ದೊಡ್ಡಮ್ಮನೇ. ಒಳಗೆ ಕೂರಿಸಿ, ಯಾರನ್ನೂ ಕೇಳದೆ ಕಾಫಿ ಮಾಡಿ ತಂದರು. ಬೆಂಗಳೂರಿಗೆ ಹೊರಡುವುದು ಯಾವಾಗ ಎಂದು ಕೇಳಿದೆ. "ಹೋಗ್ತೀನಿ, ಇನ್ನೂ ಸ್ವಲ್ಪ ದಿನ ಆಗಲಿ" ಅಂದರು. ಮಂಚದ ಕೆಳಗೆ ಚೀಲ ಕಾಣಲಿಲ್ಲ. ಸೀರೆಗಳೆಲ್ಲ ಗೋಡೆಯ ಕಪಾಟು ಸೇರಿದ್ದವು.