ಬೀಮಿನ ಹೊಟ್ಟೆಯಲ್ಲೊಂದು ಕಿಂಡಿ

ಎಸಿ ಡಕ್ಟ್ ಹಾಯಿಸಲು ಉಕ್ಕಿನ ಐ-ಬೀಮಿಗೆ ಕಿಂಡಿ ಕೊರೆಯುವ ಕೆಲಸ ಬಲ್ಲ ವೆಲ್ಡರನನ್ನು ನಿಂತು ನೋಡಬೇಕು. ಗ್ಯಾಸ್ ಕಟರ್ ಹಚ್ಚುವ ಮೊದಲೇ ನಾಲ್ಕು ಮೂಲೆಗೂ ಡ್ರಿಲ್ಲಿನಿಂದ ದುಂಡು ತೂತು ಹಾಕುತ್ತಾನೆ. ಆಮೇಲೆ ತೂತಿನಿಂದ ತೂತಿಗೆ ಕತ್ತರಿಸುತ್ತಾನೆ. ಚೂಪು ಮೂಲೆ ಬಿಟ್ಟರೆ ಒತ್ತಡವೆಲ್ಲ ಅಲ್ಲೇ ಸೇರಿ ಬಿರುಕಿಗೆ ದಾರಿಯಾಗುತ್ತದೆ. ಅಮೆರಿಕದ ಉಕ್ಕು ನಿರ್ಮಾಣ ಸಂಸ್ಥೆಯ 1990ರ ಕೈಪಿಡಿಯ ಪ್ರಕಾರ ಮೂಲೆಯ ತ್ರಿಜ್ಯ ವೆಬ್ಬಿನ, ಅಂದರೆ ಕಿಂಡಿ ಕೊರೆಯುವ ಬೀಮಿನ ನಡುವಿನ ನೆಟ್ಟಗಿನ ತಗಡಿನ, ದಪ್ಪದ 2 ಪಟ್ಟಾದರೂ ಇರಬೇಕು, ಸುಮಾರು 16 ಮಿ.ಮೀ.ಗಿಂತ ಕಡಿಮೆಯಂತೂ ಆಗಬಾರದು.

ಅಂಚನ್ನು ಗ್ರೈಂಡರಿನಿಂದ ನಯಗೊಳಿಸಿ, ಕಿಂಡಿಯ ಮೇಲೂ ಕೆಳಗೂ ಉಕ್ಕಿನ ಪಟ್ಟಿ ಬೆಸೆಯುತ್ತಾರೆ. ನನಗೆ ಬಹಳ ಹಿಡಿಸುವುದು ಆ ಪಟ್ಟಿಯೇ. ಕಿಂಡಿಯ ಅಗಲಕ್ಕೇ ನಿಲ್ಲದೆ ಎರಡೂ ಕಡೆ ಇನ್ನಷ್ಟು ಚಾಚಿಕೊಂಡಿರುತ್ತದೆ, ತಾನು ಹೊತ್ತ ಬಲವನ್ನು ಇಡಿಯಾಗಿರುವ ವೆಬ್ಬಿಗೆ ದಾಟಿಸಲು. ಆದರೆ ಎಂಜಿನಿಯರ್ ಲೆಕ್ಕ ಹಾಕಿ ಒಪ್ಪುವವರೆಗೆ ಯಾವ ಬೀಮಿಗೂ ಕಟರ್ ತಾಗಿಸಬೇಡಿ.