ಮೈಕೇಲ್ ವೆಸ್ಟರ ಬೋಧನಕ್ರಮವೂ ವಯಸ್ಕರ ಇಂಗ್ಲಿಷ್ ತರಗತಿಯೂ

ಇಂಗ್ಲಿಷ್ ಬೋಧನೆಯನ್ನು ಕುರಿತ ಗ್ರಂಥಗಳಲ್ಲಿ ಬಹುಪಾಲು ಅನುಕೂಲವಾದ ಕೊಠಡಿಯನ್ನೂ ಸಮಾನ ಸಿದ್ಧತೆಯ ವಿದ್ಯಾರ್ಥಿಗಳನ್ನೂ ಭಾವಿಸಿಕೊಂಡು ಬರೆದಂಥವು. 1960ರಲ್ಲಿ ಪ್ರಕಟವಾದ ಮೈಕೇಲ್ ವೆಸ್ಟರ ‘ಟೀಚಿಂಗ್ ಇಂಗ್ಲಿಷ್ ಇನ್ ಡಿಫಿಕಲ್ಟ್ ಸರ್ಕಂಸ್ಟಾನ್ಸಸ್’ ಇದಕ್ಕೆ ಅಪವಾದ. ಢಾಕಾದಲ್ಲಿ ಕೆಲಸಮಾಡಿದ ಈ ಲೇಖಕರು ಇಕ್ಕಟ್ಟಾದ ಬೆಂಚುಗಳನ್ನೂ ಮಟ್ಟ ಹೊಂದದ ತರಗತಿಗಳನ್ನೂ ಬಲ್ಲವರು.

1926ರ ‘ಬೈಲಿಂಗ್ವಲಿಸಂ’ ಗ್ರಂಥದಲ್ಲಿಯೇ ಅವರು ವಿಮೆಯ ವ್ಯವಹಾರದ ಪದವೊಂದನ್ನು ಬಳಸಿದ್ದರು: ಸರೆಂಡರ್ ವ್ಯಾಲ್ಯೂ. ಪಾಲಿಸಿಯನ್ನು ನಡುವೆ ಬಿಟ್ಟವನಿಗೂ ಒಂದಿಷ್ಟು ಹಣ ಬರುವಂತೆ, ವ್ಯಾಸಂಗವನ್ನು ನಡುವೆ ನಿಲ್ಲಿಸಿದವನಿಗೂ ಕಲಿತಷ್ಟು ಉಪಯೋಗಕ್ಕೆ ಬರಬೇಕು. ಬಂಗಾಳದ ಬಾಲಕರನ್ನು ಕುರಿತ ಈ ಮಾತು ವಯಸ್ಕರಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಬಿತ್ತನೆಯ ಕಾಲ ಬಂದರೆ, ಮನೆಯಲ್ಲಿ ಕಾಯಿಲೆಯಾದರೆ, ಅವರ ಪಾಠ ಅಲ್ಲಿಗೇ ನಿಂತಿತು.

ಆದರೆ ಬೇಗ ಕೈಗೂಡುವ ಫಲವೆಂದು ವೆಸ್ಟರು ಓದುವಿಕೆಗೆ ಅಗ್ರಸ್ಥಾನ ಕೊಟ್ಟರು. ಇಲ್ಲಿ ನನ್ನ ಆಕ್ಷೇಪವಿದೆ. ಹನೂರು ತಾಲ್ಲೂಕಿನ ಅಜ್ಜೀಪುರದಂಥ ಊರಿನಲ್ಲಿ ಸಂಜೆಯ ತರಗತಿಯೊಂದನ್ನು ಕಲ್ಪಿಸಿಕೊಳ್ಳೋಣ. (1956ರ ನವೆಂಬರ್ 1ರವರೆಗೆ ಈ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಎರಡು ಭಾಷೆಗಳ ನಡುವೆ ಬಾಳುವುದು ಇಲ್ಲಿಯವರಿಗೆ ಹೊಸದಲ್ಲ.) ಎಸ್.ಎಸ್.ಎಲ್.ಸಿ. ಮುಗಿಸಿದ ತರುಣ ಅರ್ಜಿಯ ನಮೂನೆಯನ್ನು ಓದಬಲ್ಲ, ಬಾಯಿ ಬಿಡಲಾರ. ದೂರದ ಪಟ್ಟಣಗಳಲ್ಲಿ ದುಡಿದು ಬಂದ ಹಿರಿಯನಿಗೆ ಅಕ್ಷರ ತಿಳಿಯದು; ಆದರೆ ಹತ್ತೆಂಟು ಇಂಗ್ಲಿಷ್ ಮಾತುಗಳಲ್ಲಿ ವ್ಯವಹಾರ ಮುಗಿಸಬಲ್ಲ. ಇವರಲ್ಲಿ ಮುಂದಿನವನು ಯಾರು, ಹಿಂದಿನವನು ಯಾರು? ಓದನ್ನೇ ಅಳತೆಗೋಲು ಮಾಡಿದರೆ ಹಿರಿಯನು ಮೊದಲ ದಿನವೇ ಸೋತಂತೆ. ಮಗನ ವಯಸ್ಸಿನವನ ಎದುರು ಸೋತವನು ಮರುದಿನ ಬರುವನೇ?

1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ನಡೆಸಿದ ‘ಬೆಂಗಳೂರು ಯೋಜನೆ’ ಈ ವಿಷಯದಲ್ಲಿ ಹೆಚ್ಚು ಉಪಯುಕ್ತ. ರೈಲಿನ ವೇಳಾಪಟ್ಟಿಯಂಥದನ್ನು ಮುಂದಿಟ್ಟು, ಲೆಕ್ಕಹಾಕಿ ಉತ್ತರ ಹೇಳಿಸುವುದು ಅದರ ಕ್ರಮ. ತರಗತಿಯ ಅರ್ಧದಷ್ಟು ಜನರಾದರೂ ಅರ್ಧದಷ್ಟು ಉತ್ತರಗಳನ್ನು ಸರಿಯಾಗಿ ಕೊಡುವಂತಿದ್ದರೆ ಕೆಲಸ ತಕ್ಕಮಟ್ಟದ್ದೆಂದು ಅವರ ಎಣಿಕೆ. ಅದೂ ಶಾಲಾಮಕ್ಕಳ ತರಗತಿಯೇ. ಉಳಿದರ್ಧ ಮಂದಿ ಹಾಜರಿಯ ಬಲದಿಂದ ಮರುದಿನವೂ ಬರುತ್ತಾರೆ. ವಯಸ್ಕರಲ್ಲಿ ಆ ಭರವಸೆಯಿಲ್ಲ.

ಆದುದರಿಂದ ಕೆಲಸವನ್ನು ಒಬ್ಬೊಬ್ಬನಿಗೆ ಕೊಡದೆ ಇಬ್ಬರ ನಡುವೆ ಹಂಚುವುದು ಮೇಲು. ಬಸ್ಸಿನ ವೇಳಾಪಟ್ಟಿ ತರುಣನ ಕೈಯಲ್ಲಿರಲಿ. ಕೊಳ್ಳೇಗಾಲಕ್ಕೆ ಕೊನೆಯ ಬಸ್ಸು ಯಾವಾಗ ಎಂದು ಹಿರಿಯನು ಇಂಗ್ಲಿಷಿನಲ್ಲಿ ಕೇಳಲಿ. ಒಬ್ಬನಿಲ್ಲದೆ ಇನ್ನೊಬ್ಬನ ಕೆಲಸ ಮುಗಿಯದು. ತೊಡಕಾದಲ್ಲಿ ಕನ್ನಡದ ಮಾತು ಬಂದರೂ ತಡೆಯಬೇಕಾಗಿಲ್ಲ. ಆದರೆ ಬರವಣಿಗೆಯಲ್ಲಿ ಈ ಜೋಡಿ ನಡೆಯದು. ಅಲ್ಲಿ ತರುಣನೇ ಎಲ್ಲವನ್ನೂ ಬರೆದುಬಿಡುತ್ತಾನೆ. ಅಷ್ಟು ಹೊತ್ತು ಹಿರಿಯನಿಗೆ ಬೇರೆ ಹಲಗೆ, ಬೇರೆ ಪಾಠ ಬೇಕೇ ಬೇಕು.